2014ರ ಪೋರ್ಷೆ ಬಾಕ್ಸ್‌ಟರ್ ಎಸ್, ಓಡಿರುವುದು ಬರೀ 14,000 ಕಿ.ಮೀ. ತಗೊಳ್ಳಬಹುದಾ?

ದೆಹಲಿ ನೋಂದಣಿ, ಒಬ್ಬರೇ ಮಾಲೀಕರು, ಮೀಟರಿನಲ್ಲಿ 14,000 ಕಿ.ಮೀ., ಶಾಲೆಯ ದಿನಗಳಿಂದ ಗೋಡೆ ಮೇಲಿದ್ದ ಚಿತ್ರ. ಇದನ್ನು ಬೆಂಗಳೂರಿಗೆ ತರಲೇ, ಇಲ್ಲಾ ಹೊಸ ಬಿಎಂಡಬ್ಲ್ಯು ಎಂ340ಐ ತಗೊಳ್ಳಲೇ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡಿದವನು ನಾನು, ಆಮೇಲೆ ಇದೇ ಊರಿನಲ್ಲಿ ಅದೇ ತಲೆಮಾರಿನ, ಅಂದರೆ 981 ಸಂಕೇತದ, ಬಾಕ್ಸ್‌ಟರ್ ಇಟ್ಟುಕೊಂಡವನು. ಕಾರಿನ ಆಯ್ಕೆ ಸರಿಯಾಗಿಯೇ ಇದೆ. "ಕಡಿಮೆ ಓಡಿದೆ, ಹಾಗಾಗಿ ಹೊಸದರ ಹಾಗೇ ಇದೆ" ಅಂತ ಬರೆದಿದ್ದೀರಲ್ಲ, ಆ ಸಾಲು ತಪ್ಪು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರ ಜೇಬಿಗೆ ಅತಿ ದೊಡ್ಡ ಕತ್ತರಿ ಹಾಕುವುದು ಇದೇ ನಂಬಿಕೆ.

ಎಂ340ಐ ಜೊತೆ ಹೋಲಿಸುವುದನ್ನು ಬಿಟ್ಟುಬಿಡಿ. ಅದು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಊರಿಗೆ ಹೋಗುವ ಕಾರು. ಬಾಕ್ಸ್‌ಟರ್‌ಗೆ ಇರುವುದು ಎರಡೇ ಸೀಟು; ಸಾಮಾನಿಗೆ ಮುಂದೆ 150 ಲೀಟರ್, ಹಿಂದೆ 130 ಲೀಟರ್ ಜಾಗ. ಮನೆಯಲ್ಲಿ ಇನ್ನೊಂದು ಕಾರು ಇಲ್ಲದಿದ್ದರೆ ಇದರ ಯೋಚನೆಯೇ ಬೇಡ. ಇದ್ದರೆ, 2012ರಿಂದ 2016ರವರೆಗೆ ಬಂದ ಈ 981 ತಲೆಮಾರು ನನ್ನ ಪ್ರಕಾರ ಅತ್ಯುತ್ತಮ ಆಯ್ಕೆ. ಎಸ್ ಮಾದರಿಯಲ್ಲಿ ಟರ್ಬೊ ಇಲ್ಲದ 3.4 ಲೀಟರಿನ ಆರು ಸಿಲಿಂಡರ್ ಎಂಜಿನ್, 6,700 ಆರ್‌ಪಿಎಂನಲ್ಲಿ 315 ಅಶ್ವಶಕ್ತಿ. 2016ರಲ್ಲಿ ಬಂದ 718 ತಲೆಮಾರಿಗೆ ನಾಲ್ಕು ಸಿಲಿಂಡರಿನ ಟರ್ಬೊ ಹಾಕಿದರು. ವೇಗ ಹೆಚ್ಚಿತು, ಆ ಸದ್ದು ಹೋಯಿತು. ಇನ್ನು 1997ರಿಂದ 2008ರವರೆಗಿನ ಬಾಕ್ಸ್‌ಟರ್‌ಗಳಲ್ಲಿ ಐಎಂಎಸ್ ಬೇರಿಂಗ್ ಅನ್ನುವ, ಎಂಜಿನ್ ಒಳಗಿನ ಒಂದು ಶಾಫ್ಟನ್ನು ಹಿಡಿದಿಡುವ ಭಾಗವಿದೆ. ಅದು ಒಡೆದರೆ ಇಡೀ ಎಂಜಿನ್ ಹೋದಂತೆ. 2009ರಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ, ನೀವು ನೋಡಿರುವ ಕಾರಿಗೆ ಆ ಭಯ ಬೇಡ.

ಈಗ ಆ 14,000ಕ್ಕೆ ಬರೋಣ. ಇಷ್ಟು ವರ್ಷಕ್ಕೆ ಇಷ್ಟೇ ಓಡಿದೆ ಅಂದರೆ ತಿಂಗಳಿಗೆ 100 ಕಿ.ಮೀ. ಆಸುಪಾಸು. ಇಂಥ ಕಾರುಗಳು ಹೆಚ್ಚಾಗಿ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ಮಲಗಿರುತ್ತವೆ. ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ: "ಸರ್, ಓಡಿಸದಿದ್ದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತೀವಿ." ಸುಮ್ಮನೆ ನಿಲ್ಲಿಸುವುದಕ್ಕಿಂತ ಕೆಟ್ಟದ್ದು ಇದು. ತಣ್ಣಗಿರುವ ಎಂಜಿನ್‌ಗೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನು ಸ್ವಲ್ಪ ಜಾಸ್ತಿಯೇ ಸುರಿಯುತ್ತದೆ. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗೆ ಎಣ್ಣೆ ನಿಲ್ಲುವ ಸಂಪ್‌ಗೆ ಇಳಿಯುತ್ತದೆ. ಉರಿದದ್ದರಿಂದ ಹುಟ್ಟಿದ ನೀರಾವಿ ಎಂಜಿನ್ ಒಳಗೂ ಸೈಲೆನ್ಸರ್ ಒಳಗೂ ತಣಿದು ನೀರಾಗಿ ನಿಲ್ಲುತ್ತದೆ. ಇವೆರಡೂ ಆವಿಯಾಗಿ ಹೋಗಬೇಕಾದರೆ ಎಣ್ಣೆ 90 ಡಿಗ್ರಿ ದಾಟಿ ಕೆಲಹೊತ್ತು ಅಲ್ಲೇ ಇರಬೇಕು. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಕೂಲೆಂಟ್ ಬಿಸಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಸ್ಟಾರ್ಟ್ ಮಾಡಲು ಬಳಸಿದ ಕರೆಂಟ್ ಕೂಡ ಬ್ಯಾಟರಿಗೆ ಪೂರ್ತಿ ವಾಪಸ್ ಬರುವುದಿಲ್ಲ. ವರ್ಷಗಟ್ಟಲೆ ಹೀಗೆ ಮಾಡಿದರೆ ಮೀಟರ್ ಮಾತ್ರ ಹೊಸದಾಗಿ ಕಾಣುತ್ತದೆ.

ನಿಂತ ಕಾರಿನಲ್ಲಿ ಬೇರೇನು ಹಾಳಾಗುತ್ತದೆ? ರಬ್ಬರ್, ಪ್ಲಾಸ್ಟಿಕ್, ದ್ರವ. ಇವುಗಳಿಗೆ ಕಿಲೋಮೀಟರ್ ಲೆಕ್ಕಕ್ಕಿಲ್ಲ, ವರ್ಷವೇ ಲೆಕ್ಕ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಡಿಸ್ಕ್‌ನ ಹೊರಮುಖ ಹೊಳೆಯುತ್ತಿದ್ದರೂ ಒಳಮುಖ ತುಕ್ಕಿನಿಂದ ತಿಂದಿರುತ್ತದೆ, ಟಾರ್ಚ್ ಬಿಟ್ಟು ನೋಡಿ. ವಾಟರ್ ಪಂಪ್‌ನ ಸೀಲ್ ಒಣಗಿ ಸೋರತೊಡಗಿದರೆ ಅದರ ಕೆಳಗೆ ಗುಲಾಬಿ ಬಣ್ಣದ ಕಲೆ ಗಟ್ಟಿಯಾಗಿ ಕೂತಿರುತ್ತದೆ. ಎಂಜಿನ್ ಇರುವುದು ಸೀಟಿನ ಬೆನ್ನಿಗೆ, ಹಾಗಾಗಿ ಪಂಪ್ ಬದಲಿಸುವುದು ಮಾರುತಿಯಲ್ಲಿ ಮಾಡಿದಂತೆ ಬಾನೆಟ್ ಎತ್ತಿ ಮುಗಿಸುವ ಕೆಲಸವಲ್ಲ.

ಟಯರ್ ವಿಷಯ ಬಿಡಿಸಿ ಹೇಳಲೇಬೇಕು. 981 ಎಸ್‌ಗೆ 19 ಇಂಚಿನ ಚಕ್ರದಲ್ಲಿ ಮುಂದೆ 235/40, ಹಿಂದೆ 265/40 ಅಳತೆ. ಪಕ್ಕದ ಗೋಡೆಯಲ್ಲಿ ಅಳತೆಯ ಜೊತೆ "ಎನ್" ಅಕ್ಷರ, ಮುಂದೆ ಒಂದು ಅಂಕಿ ಇರುತ್ತದೆ. ಅದು ಪೋರ್ಷೆ ಒಪ್ಪಿದ ಟಯರ್ ಅನ್ನುವ ಗುರುತು. ಹತ್ತಿರದಲ್ಲೇ ನಾಲ್ಕು ಅಂಕಿ ಹುಡುಕಿ. 2214 ಅಂತಿದ್ದರೆ 2014ರ 22ನೇ ವಾರದಲ್ಲಿ ತಯಾರಾದ ಟಯರ್. ಟಯರಿನ ಗೀರುಗಳು ಎಷ್ಟೇ ಆಳವಾಗಿ ಉಳಿದಿರಲಿ, ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಂಬದಿ ಜಾರುತ್ತದೆ. 14,000 ಓಡಿದ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಟಯರೇ ಇದ್ದರೆ ನಾಲ್ಕನ್ನೂ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಎರಡೆರಡು ಬದಲಿಸಿ, ಮುಂದೊಂದು ಕಂಪನಿ ಹಿಂದೊಂದು ಕಂಪನಿ ಹಾಕುವುದು ಈ ಕಾರಿನಲ್ಲಿ ಬೇಡ.

ಮಾರುವವರು ತೋರಿಸದ ಜಾಗ ಮುಂದಿನ ಬಂಪರ್ ಒಳಗಿದೆ. ಎರಡೂ ತುದಿಯ ಗಾಳಿಕಿಂಡಿಗಳ ಹಿಂದೆ ಒಂದೊಂದು ರೇಡಿಯೇಟರ್, ಅದರ ಮುಂದೆ ಎಸಿ ಕಂಡೆನ್ಸರ್. ಇವೆರಡರ ನಡುವಿನ ಸಂದಿಗೆ ಒಣ ಎಲೆ ಹೀರಿಕೊಂಡು ಹೋಗುತ್ತದೆ. ಮಳೆ ಬಂದಾಗ ನೆನೆದು, ಒದ್ದೆ ಗೊಬ್ಬರದ ಹಾಗೆ ಕೊಳೆತು, ತೆಳು ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ಹೊರಗಿನಿಂದ ನೀರು ಹೊಡೆದರೆ ಎಲೆ ಇನ್ನೂ ಒಳಗೆ ಹೋಗುತ್ತದೆ, ಅಷ್ಟೇ. ಬಂಪರ್ ಬಿಚ್ಚಿ, ಕಂಡೆನ್ಸರನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಕೈಯಿಂದ ಎಲೆ ತೆಗೆದು, ವ್ಯಾಕ್ಯೂಮ್ ಹಿಡಿಯಬೇಕು. ಹೊಂಗೆ, ಗುಲ್‌ಮೊಹರ್ ಉದುರುವ ಬೆಂಗಳೂರಿನ ರಸ್ತೆಯಲ್ಲಿ ನಿಲ್ಲಿಸುವವರು ವರ್ಷಕ್ಕೊಮ್ಮೆ ಇದನ್ನು ಮಾಡಿಸಲೇಬೇಕು.

ಟಾಪ್, ಅಂದರೆ ತೆರೆಯುವ ಛಾವಣಿ, ಮಡಚಿ ಕೂರುವ ಕಡೆ ನೀರು ಹೊರಹೋಗುವ ಕೊಳವೆಗಳಿವೆ, ಅವೂ ಎಲೆಯಿಂದಲೇ ಕಟ್ಟುತ್ತವೆ. ಕಟ್ಟಿಕೊಂಡರೆ ನೀರು ಸೀಟಿನ ಹಿಂದಿನ ಕಾರ್ಪೆಟ್‌ಗೆ ಇಳಿಯುತ್ತದೆ. ಹಳೆಯ 986, 987 ತಲೆಮಾರುಗಳಲ್ಲಿ ಸೀಟಿನ ಕೆಳಗಿನ ಕಂಟ್ರೋಲ್ ಯೂನಿಟ್‌ಗೆ ಹೀಗೇ ನೀರು ನುಗ್ಗಿ ಕಾರು ಸ್ಟಾರ್ಟ್ ಆಗದೆ ಹೋಗುತ್ತಿತ್ತು. ಪರೀಕ್ಷೆ ಸುಲಭ: ಟಾಪ್ ಅರ್ಧ ತೆರೆದು ನಿಲ್ಲಿಸಿ, ಎರಡೂ ಬದಿಯ ತೂತಿಗೆ ಒಂದೊಂದು ಬಾಟಲಿ ನೀರನ್ನು ನಿಧಾನಕ್ಕೆ ಬಿಡಿ. ಹಿಂದಿನ ಚಕ್ರದ ಮುಂದೆ ನೀರು ನೆಲಕ್ಕೆ ಬೀಳಬೇಕು. ಬೀಳದಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರ್ಪೆಟ್ ಒತ್ತಿ ನೋಡಿ.

ಮೀಟರ್ ಸಾಚಾನಾ ಅಂತ ತಿಳಿಯಲು ಒಂದು ಲೆಕ್ಕವಿದೆ. ಪೋರ್ಷೆಯ ಪಿವಿಸ್ ಅನ್ನುವ ತಪಾಸಣಾ ಯಂತ್ರ ಜೋಡಿಸಿದರೆ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅನ್ನುವುದು ಸಿಗುತ್ತದೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ. 14,000 ಕಿ.ಮೀ.ಗೆ 560 ಗಂಟೆ ಅಂದರೆ ಸರಾಸರಿ 25, ನಂಬಬಹುದು. 1,500 ಗಂಟೆ ತೋರಿಸಿದರೆ ಸರಾಸರಿ ಒಂಬತ್ತು ಚಿಲ್ಲರೆ. ಆಗ ಎರಡರಲ್ಲಿ ಒಂದು: ಮೀಟರ್ ತಿರುಗಿಸಿದ್ದಾರೆ, ಅಥವಾ ಕಾರು ನಿಂತಲ್ಲೇ ಎಂಜಿನ್ ಓಡಿದೆ. ಎರಡಕ್ಕೂ ಬೆಲೆ ಇಳಿಯಬೇಕು. ಅದೇ ಯಂತ್ರದಲ್ಲಿ ಎಂಜಿನ್ ಮಿತಿ ಮೀರಿ ತಿರುಗಿದ ಲೆಕ್ಕವೂ ಆರು ಹಂತಗಳಲ್ಲಿ ದಾಖಲಾಗಿರುತ್ತದೆ. ಮ್ಯಾನುಯಲ್ ಗೇರಿನ ಕಾರಾದರೆ ಮೇಲಿನ ಹಂತಗಳು ಖಾಲಿ ಇವೆಯೇ ಅಂತ ನೋಡಲೇಬೇಕು. ಪೋರ್ಷೆಯ ಆಟೊಮ್ಯಾಟಿಕ್ ಆದ ಪಿಡಿಕೆ ಗೇರ್‌ಬಾಕ್ಸ್ ತಪ್ಪು ಗೇರಿಗೆ ಬೀಳಲು ಬಿಡುವುದಿಲ್ಲ.

ತಂದ ಮೇಲೆ ಓಡಿಸುವ ಕ್ರಮವೂ ಇದೇ ಲೆಕ್ಕದ್ದು. ಈ ಕಾರಿಗೆ ಎಣ್ಣೆ ನೋಡುವ ಕಡ್ಡಿ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಪರದೆಯಲ್ಲೇ ನೋಡಬೇಕು. ಎಣ್ಣೆಯ ಉಷ್ಣತೆಯನ್ನೂ ಅಲ್ಲೇ ತೋರಿಸಿಕೊಳ್ಳಿ, 80 ಡಿಗ್ರಿ ದಾಟುವವರೆಗೆ 4,000 ಆರ್‌ಪಿಎಂ ಮೀರಬೇಡಿ. ಸ್ಟಾರ್ಟ್ ಮಾಡಿದರೆ ಕನಿಷ್ಠ 25–30 ಕಿ.ಮೀ. ಓಡಿಸಿ, ಅಷ್ಟು ಸಮಯ ಇಲ್ಲದ ದಿನ ಕೀ ಮುಟ್ಟಲೇಬೇಡಿ. ಬೆಳಗ್ಗೆ ಆರಕ್ಕೆ ನೈಸ್ ರಸ್ತೆ ಹಿಡಿದು ಕನಕಪುರದ ಕಡೆ ಹೋಗಿಬಂದರೆ ಇದಕ್ಕೆ ಸಾಕು, ನಿಮಗೂ ಸಾಕು. ಮೂರು ನಾಲ್ಕು ವಾರ ಊರಲ್ಲಿರದಿದ್ದರೆ ಬ್ಯಾಟರಿಗೆ ಮೇಂಟೇನರ್ ಚಾರ್ಜರ್ ಸಿಕ್ಕಿಸಿ ಹೋಗಿ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಡಿಕ್ಕಿ ತೆರೆಯುವುದು ಕರೆಂಟಿನಿಂದ! ಬ್ಯಾಟರಿ ಸತ್ತರೆ ಫ್ಯೂಸ್ ಬಾಕ್ಸ್‌ನಲ್ಲಿರುವ ತುರ್ತು ಟರ್ಮಿನಲನ್ನು ಹೊರಗೆಳೆದು ಬೇರೆ ಬ್ಯಾಟರಿಯ ಪ್ಲಸ್ ಅಲ್ಲಿಗೆ, ಮೈನಸ್ ಬಾಗಿಲ ಕೊಕ್ಕೆ ಸಿಕ್ಕಿಕೊಳ್ಳುವ ಲೋಹಕ್ಕೆ ಕೊಡಬೇಕು. ಡಿಕ್ಕಿ ತೆರೆದುಕೊಳ್ಳುತ್ತದೆ. ಆ ತಂತಿಯಲ್ಲೇ ಎಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ, ಅಷ್ಟು ಕರೆಂಟ್ ತಾಳುವುದಿಲ್ಲ.

ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಈ ಕಾರಿಗೆ ಶೇ 10ರವರೆಗೆ ಮಾತ್ರ ಒಪ್ಪಿಗೆ. ಎಥೆನಾಲ್ ತೇವ ಎಳೆಯುತ್ತದೆ, ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕೆ ಕೂರುತ್ತದೆ. ಎಥೆನಾಲ್ ಬೆರೆಸದ 100 ಆಕ್ಟೇನ್ ಪೆಟ್ರೋಲ್ ದುಬಾರಿ, ಆದರೆ ತಿಂಗಳಿಗೆ ಒಂದೆರಡು ಟ್ಯಾಂಕ್ ಉರಿಸುವ ಕಾರಿಗೆ ಅದನ್ನೇ ಹಾಕಿ.

ರಸ್ತೆಯ ಹಂಪ್‌ಗಳಲ್ಲಿ ಹೊಟ್ಟೆ ತಾಗುತ್ತದೆಯೇ ಅಂತಲೂ ಕೇಳಿದ್ದೀರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗಿರುವ ಕಡೆ ಬಾಕ್ಸ್‌ಟರ್ ನಿಧಾನಕ್ಕೆ ದಾಟುತ್ತದೆ. ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಗಿಡ್ಡ ಕಡಿದಾದ ಹಂಪ್‌ನಲ್ಲಿ ಹೊಟ್ಟೆ ತಾಗುತ್ತದೆ. ಒಂದೊಂದೇ ಚಕ್ರ ಏರುವಂತೆ ಓರೆಯಾಗಿ ದಾಟಿಸಿ. ಹಂಪ್‌ಗಿಂತ ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್ ಮುಖ್ಯ. ಅದರ ತುದಿಯಲ್ಲಿ ಮೂತಿ ತಾಗುತ್ತದೆಯೇ ಅಂತ ಸ್ನೇಹಿತರ ತಗ್ಗು ಕಾರು ತಂದು ಮೊದಲೇ ನೋಡಿ.

ಕೊನೆಗೆ ತೆರಿಗೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಮೇಲೆ ಸೆಸ್. ಅದನ್ನು ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಹೊಸದಾಗಿ 70 ಲಕ್ಷ ಇದ್ದರೆ 12.6 ಲಕ್ಷದಿಂದ ಲೆಕ್ಕ ಶುರು. ವಯಸ್ಸಿನ ರಿಯಾಯಿತಿ ಕಳೆದರೂ ಉಳಿಯುವುದು ಲಕ್ಷಗಳೇ. ದೆಹಲಿ ನಂಬರಿನಲ್ಲೇ ಓಡಿಸಿಕೊಂಡಿರೋಣ ಅಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿದರೆ ಮರುನೋಂದಣಿ ಮಾಡಿಸಬೇಕು. ಬೆಂಗಳೂರಿನ ಆರ್‌ಟಿಒದವರು ಇಂಥ ಕಾರುಗಳನ್ನೇ ಹುಡುಕಿ ಹಿಡಿಯುತ್ತಾರೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದ ಸುಮಾರು 1.4 ಕೋಟಿ ರೂಪಾಯಿ ಕಟ್ಟಿಸಿಕೊಂಡರು.

ಹಾಗಾಗಿ ಮುಂಗಡ ಕೊಡುವ ಮೊದಲೇ ಇಲ್ಲಿನ ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆ ಅಂತ ಕೇಳಿಕೊಂಡು ಬನ್ನಿ. ದೆಹಲಿಯಿಂದ ಫಾರಂ 28ರ ಎನ್‌ಒಸಿ, ಫಾರಂ 29 ಮತ್ತು 30ರ ಮೇಲೆ ಮಾಲೀಕರ ಸಹಿ, ಸಾಲವಿದ್ದಿದ್ದರೆ ಬ್ಯಾಂಕಿನ ಫಾರಂ 35, ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಕಾರಿನ ಬೆಲೆ, ತೆರಿಗೆ ಎಲ್ಲ ಮುಗಿದ ಮೇಲೆ ಬೆಲೆಯ ಶೇ 15ರಷ್ಟು ರಿಪೇರಿಗೆಂದೇ ಬ್ಯಾಂಕಿನಲ್ಲಿ ಉಳಿಯಬೇಕು. ಉಳಿಯದಿದ್ದರೆ ಈ ಕಾರು ಈಗ ಬೇಡ. ಉಳಿಯುತ್ತದೆ ಅಂದರೆ 14,000 ಓಡಿದ್ದನ್ನು ಬಿಟ್ಟು, 45,000 ಓಡಿ ಪ್ರತಿ ವರ್ಷದ ಸರ್ವಿಸ್ ಬಿಲ್ ಇರುವ ಇನ್ನೊಂದು 981 ಹುಡುಕಿ. ಸಿಗದೆ ಇದಕ್ಕೇ ಮರಳಿದರೆ, ಮಾಲೀಕರಿಂದ ಮೊದಲು ಮೂರು ಫೋಟೊ ಕೇಳಿ: ನಾಲ್ಕೂ ಟಯರಿನ ತಯಾರಿಕಾ ಅಂಕಿ, ಪಿವಿಸ್‌ನಲ್ಲಿ ಎಂಜಿನ್ ಗಂಟೆ, ಕೊನೆಯ ಬಾರಿ ಬ್ರೇಕ್ ಆಯಿಲ್ ಬದಲಿಸಿದ ಬಿಲ್. ಕಳಿಸಲು ಹಿಂದೆಮುಂದೆ ನೋಡಿದರೆ ದೆಹಲಿಗೆ ಟಿಕೆಟ್ ಮಾಡಿಸಬೇಡಿ.