ಲಿವರ್‌ಗೆ ನೋವೇ ಆಗಲ್ಲ, ನೋವಿಗಾಗಿ ಕಾಯಬೇಡಿ

ಸಕ್ಕರೆ ಕಾಯಿಲೆ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಲಿವರ್ ಬಗ್ಗೆ ಕೇಳಿದವರೇ ಜಾಸ್ತಿ. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 44 ವರ್ಷ. ಹೆಲ್ತ್ ಚೆಕಪ್‌ನಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಬರೆದಿದ್ದಾರೆ. ನಾನು ಕುಡಿಯಲ್ಲ, ಮಾಂಸ ಮುಟ್ಟಲ್ಲ. ನೋವಂತೂ ಇಲ್ಲವೇ ಇಲ್ಲ. ರಿಪೋರ್ಟ್ ತಪ್ಪಿರಬಹುದಾ?
(ಓದುಗರು, ತುಮಕೂರು)

ಉತ್ತರ: ರಿಪೋರ್ಟ್ ಸರಿಯಾಗಿಯೇ ಇರಬೇಕು. ನೋವಿಲ್ಲ ಅನ್ನೋದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಲಿವರ್ ಒಳಗೆ ನೋವು ತಿಳಿಸುವ ನರಗಳೇ ಇಲ್ಲ, ಮೇಲಿನ ಪೊರೆಯಲ್ಲಿ ಮಾತ್ರ ಇವೆ. ಲಿವರ್ ಊದಿಕೊಂಡಾಗ ಬಲಪಕ್ಕೆಯ ಕೆಳಗೆ ಒಂಥರಾ ಭಾರ ಅನ್ನಿಸಬಹುದು, ಅಷ್ಟೇ.

ಬಲಗಡೆ ಪಕ್ಕೆಲುಬಿನ ಮರೆಯಲ್ಲಿ ಕೂತಿರುವ, ಹತ್ತಿರ ಹತ್ತಿರ ಒಂದೂವರೆ ಕೆಜಿ ತೂಗುವ ಈ ಅಂಗಕ್ಕೆ ನಾವು ತಿಂದಿದ್ದರಲ್ಲಿ ಹೆಚ್ಚಿನದು ಮೊದಲು ಹೋಗುತ್ತದೆ. ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗಲ್ಲ, ಒಂದು ದಪ್ಪ ರಕ್ತನಾಳದ ಮೂಲಕ ಲಿವರ್ ದಾಟಿಯೇ ಮುಂದೆ ಹೋಗಬೇಕು. ನಿಮ್ಮೂರಿನ ತಟ್ಟೆ ಇಡ್ಲಿ ಎರಡು ತಿಂದಿರಿ ಅಂದುಕೊಳ್ಳಿ. ಅದರಿಂದ ಬಂದ ಸಕ್ಕರೆಯಲ್ಲಿ ಆ ಹೊತ್ತಿಗೆ ಬೇಕಾದಷ್ಟನ್ನು ಮೈಗೆ ಬಿಟ್ಟು, ಸುಮಾರು 100 ಗ್ರಾಂ ತನಕ ಲಿವರ್ ತನ್ನಲ್ಲೇ ಕೂಡಿಟ್ಟುಕೊಂಡು, ರಾತ್ರಿ ನೀವು ಮಲಗಿದಾಗ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಕೊಡುತ್ತಾ ಹೋಗುತ್ತದೆ. ಈ ಕಣಜ ತುಂಬಿದ ಮೇಲೂ ಬರುತ್ತಲೇ ಇದ್ದರೆ? ಕೊಬ್ಬು ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ, ಇದೇ ಫ್ಯಾಟಿ ಲಿವರ್. ಅದಕ್ಕೆ ಹೆಂಡವೂ ಬೇಕಿಲ್ಲ, ಮಾಂಸವೂ ಬೇಕಿಲ್ಲ. ತಟ್ಟೆ ತುಂಬ ಬಿಳಿ ಅನ್ನ, ಮೈದಾ ತಿಂಡಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಟೀ, ಕೂತೇ ಮಾಡುವ ಕೆಲಸ ಸಾಕು.

ಒಂದು ಟೇಪು ತಗೊಂಡು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ಸೇರಿದೆ ಎಂದೇ ತಿಳಿಯಬೇಕು. ಇನ್ನೊಂದು ಮಾತು. ಸ್ಕ್ಯಾನಿನ ಗ್ರೇಡ್ ಕೊಬ್ಬು ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ಹೇಳಲ್ಲ. ಎಸ್‌ಜಿಪಿಟಿ ಎಂಬ ಲಿವರ್ ರಕ್ತಪರೀಕ್ಷೆ ನಾರ್ಮಲ್ ಬಂದರೂ ಒಳಗೆ ಗಾಯದ ಕಲೆ ಕಟ್ಟುತ್ತಿರಬಹುದು. ಆದ್ದರಿಂದ ಡಾಕ್ಟರ್ ಹತ್ತಿರ ಪ್ಲೇಟ್‌ಲೆಟ್, ಸಕ್ಕರೆಯ ಮೂರು ತಿಂಗಳ ಸರಾಸರಿ ನೋಡಿಸಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಬೇಕಾ ಅಂತ ಕೇಳಿ. ನಿಮ್ಮ ತೂಕ 80 ಕೆಜಿ ಇದ್ದರೆ ನಿಧಾನವಾಗಿ 6ರಿಂದ 8 ಕೆಜಿ ಇಳಿಸಿ. ಲಿವರ್ ಕೊಬ್ಬು ಕರಗುವುದಷ್ಟೇ ಅಲ್ಲ, ಒಳಗಿನ ಉರಿಯೂತವೂ ಇಳಿಯುತ್ತದೆ. ಈಗ ಗೊತ್ತಾಗಿದ್ದು ನಿಮ್ಮ ಅದೃಷ್ಟ, ದಯವಿಟ್ಟು ರಿಪೋರ್ಟನ್ನು ಬೀರುವಿನಲ್ಲಿ ಇಟ್ಟುಬಿಡಬೇಡಿ.

ಪ್ರಶ್ನೆ: ನಮ್ಮ ಮನೆಯವರಿಗೆ 52. ಇಪ್ಪತ್ತು ವರ್ಷದಿಂದ ದಿನಾ ಕುಡಿಯುತ್ತಾರೆ. ಎರಡು ತಿಂಗಳಿಂದ ಕಾಲು ಬಾತಿದೆ, ಲುಂಗಿ ಕಟ್ಟೋಕಾಗದಷ್ಟು ಹೊಟ್ಟೆ ಬಂದಿದೆ, ಕೈಕಾಲು ಮಾತ್ರ ಕಡ್ಡಿಯಾಗಿವೆ. ಹಗಲೆಲ್ಲ ಮಲಗುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ನಿದ್ದೆ ಮಾತ್ರೆ ಕೊಡಬಹುದಾ?
(ಓದುಗರು, ಗದಗ ಜಿಲ್ಲೆ)

ಉತ್ತರ: ನಿದ್ದೆ ಮಾತ್ರೆ ಬೇಡವೇ ಬೇಡ ತಾಯಿ. ನಿಮ್ಮ ಪತ್ರ ಸಿಕ್ಕ ದಿನವೇ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದಿದ್ದೆ. ಇಲ್ಲಿ ಬರೆಯುತ್ತಿರುವುದು ಇಂಥದ್ದೇ ಕಷ್ಟದಲ್ಲಿರುವ ಉಳಿದ ಮನೆಗಳಿಗಾಗಿ.

ರಕ್ತದೊಳಗಿನ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಮಾಡುವುದು ಲಿವರ್. ಅದು ಕಡಿಮೆಯಾದಾಗ ನೀರು ಸೋರಿ ಕಾಲಿಗೆ ಇಳಿಯುತ್ತದೆ. ಲಿವರ್ ಕಲ್ಲಿನಂತಾದಾಗ ಕರುಳಿನಿಂದ ಬಂದ ರಕ್ತಕ್ಕೆ ದಾರಿ ಸಿಗದೆ ಒತ್ತಡ ಏರಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ರಕ್ತ ವಾಂತಿ, ಇಲ್ಲವೇ ಡಾಂಬರಿನಂಥ ಕಪ್ಪು ಮಲ. ಹಾಗೇನಾದರೂ ಆದರೆ ಬೆಳಗಾಗಲಿ ಅಂತ ಕಾಯಬಾರದು, ಅದೇ ಗಳಿಗೆ ಹೊರಡಬೇಕು.

ಹಗಲು ರಾತ್ರಿ ತಿರುವುಮುರುವಾಗಿದೆ ಅಂದಿರಲ್ಲ, ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಅದೇ. ಕರುಳಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಅದು ಆಗದಿದ್ದಾಗ ಮಿದುಳಿಗೆ ಮಂಪರು ಕವಿಯುತ್ತದೆ. ಎರಡೂ ಕೈ ಮುಂದೆ ಚಾಚಿ, ಬಸ್ಸು ನಿಲ್ಲಿಸುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿ. ಕೈ ಹಕ್ಕಿ ರೆಕ್ಕೆ ಬಡಿದ ಹಾಗೆ ಕುಸಿದು ಕುಸಿದು ಏಳುತ್ತಿದ್ದರೆ ಇದು ಅದೇ. ಈ ಹಂತದಲ್ಲಿ ನಿದ್ದೆ ಮಾತ್ರೆ ಕೊಟ್ಟರೆ ಅವರು ಏಳದೇ ಹೋಗಬಹುದು. ಮಲಬದ್ಧತೆಯೂ ಇದನ್ನು ಹೆಚ್ಚಿಸುತ್ತದೆ, ಅದಕ್ಕೇ ಡಾಕ್ಟರು ದಿನಕ್ಕೆ ಎರಡು ಮೂರು ಸಲ ಮಲ ಹೋಗುವ ಹಾಗೆ ಸಿರಪ್ ಕೊಡುತ್ತಾರೆ.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ, ಕಿಡ್ನಿ ಕೈಕೊಡುತ್ತದೆ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಬೇಳೆ, ಮೊಟ್ಟೆ ಮಾತ್ರ ನಿಲ್ಲಿಸಬೇಡಿ, ಸೊರಗಿದ ಮೈಗೆ ಅದು ಬೇಕು. ಕುಡಿತ ಪೂರ್ತಿ ಬಿಡಲೇಬೇಕು. ಆದರೆ ದಿನಾ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ್ ಕಣ್ಣಳತೆಯಲ್ಲೇ ಬಿಡಿಸಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ಹತ್ತಿರ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ ಬಿಟ್ಟ ಕೆಲವೇ ತಿಂಗಳಲ್ಲಿ ಹೊಟ್ಟೆಯ ನೀರು ಇಳಿದು ಹೊಲದ ಕೆಲಸಕ್ಕೆ ವಾಪಸ್ ಹೋದವರನ್ನು ನಾನು ಕಂಡಿದ್ದೇನೆ. ಊರವರು ಏನಂತಾರೋ ಅಂತ ಮುಚ್ಚಿಡಬೇಡಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಪ್ರಶ್ನೆ: ಹಾಸ್ಟೆಲ್‌ನಲ್ಲಿರುವ ಮಗಳಿಗೆ ಕಾಮಾಲೆ. ಬರೆ ಹಾಕಿಸಿ, ನಾಟಿ ಔಷಧಿ ಕೊಡಿಸಿ ಅಂತ ಮನೆಯಲ್ಲಿ ಒತ್ತಾಯ. ಏನು ಮಾಡಲಿ?
(ಓದುಗರು, ಹಾವೇರಿ)

ಉತ್ತರ: ಬರೆ ಹಾಕಿಸಬೇಡಿ. ಸುಟ್ಟ ಗಾಯ ಮಾತ್ರ ಉಳಿಯುತ್ತದೆ. ಕೆಂಪು ರಕ್ತಕಣಗಳು ಸುಮಾರು 120 ದಿನ ಬದುಕಿ ಒಡೆದಾಗ ಹಳದಿ ಪದಾರ್ಥವೊಂದು ಹುಟ್ಟುತ್ತದೆ, ಲಿವರ್ ಅದನ್ನು ಪಿತ್ತದಲ್ಲಿ ಸೇರಿಸಿ ಹೊರಗೆ ಹಾಕುತ್ತದೆ. ಲಿವರ್‌ಗೆ ಸೋಂಕು ತಗುಲಿದಾಗ ಅದು ರಕ್ತದಲ್ಲೇ ಉಳಿದು ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಟ್ಯೂಬ್‌ಲೈಟಿನಲ್ಲಿ ಗೊತ್ತಾಗಲ್ಲ, ಕಣ್ಣನ್ನು ಹಗಲು ಬೆಳಕಿನಲ್ಲೇ ನೋಡಿ.

ಹಾಸ್ಟೆಲ್ ನೀರು, ಊಟದಿಂದ ಬರುವ ಹೆಪಟೈಟಿಸ್ ಎ ಅಥವಾ ಇ ಹೆಚ್ಚಿನವರಲ್ಲಿ ಕೆಲವು ವಾರದಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆ ವಾರ ಯಾರು ಔಷಧಿ ಕೊಟ್ಟಿದ್ದರೋ ಅವರಿಗೆ ಹೆಸರು ಬರುತ್ತದೆ, ಅಲ್ವಾ? ಆದರೆ ಏನು ಬೆರೆಸಿದ್ದಾರೆ ಅಂತ ಗೊತ್ತಿಲ್ಲದ ಪುಡಿ, ಕಷಾಯವನ್ನು ಸೋತ ಲಿವರ್‌ಗೇ ಅರಗಿಸು ಅಂತ ಕೊಡುವುದು ಸರಿಯಲ್ಲ. ಅರಿಶಿನ ಬೇಡ, ಎಣ್ಣೆ ಬೇಡ ಅಂತ ಮಗುವನ್ನು ಉಪವಾಸ ಕೆಡವಬೇಡಿ, ಸೇರಿದ್ದು ತಿನ್ನಲಿ. ಲಿವರ್ ಪರೀಕ್ಷೆಯ ಜೊತೆ ಐಎನ್‌ಆರ್ ಮಾಡಿಸಿ, ರಕ್ತ ಹೆಪ್ಪುಗಟ್ಟಿಸುವ ಶಕ್ತಿ ಇಳಿದಿದೆಯಾ ಅಂತ ಅದರಲ್ಲಿ ತಿಳಿಯುತ್ತದೆ. ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ವಸಡಿನಲ್ಲಿ ರಕ್ತ ಬಂದರೆ ಅಡ್ಮಿಟ್ ಮಾಡಿ. ಗರ್ಭಿಣಿಯರಿಗೆ ಕಾಮಾಲೆ ಬಂದರಂತೂ ಒಂದು ದಿನವೂ ತಡ ಮಾಡುವಂತಿಲ್ಲ, ಹೆಪಟೈಟಿಸ್ ಇ ಅವರಿಗೆ ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಲಿವರ್ ಕ್ಲೀನ್ ಮಾಡುವ ಜ್ಯೂಸ್ ಕುಡಿಯಬಹುದಾ? ಫಿಲ್ಟರ್ ಕಾಫಿ ಬಿಡಬೇಕಾ?
(ಓದುಗರು, ಚಿಕ್ಕಮಗಳೂರು)

ಉತ್ತರ: ಜ್ಯೂಸ್ ಬೇಡ, ಕ್ಲೀನ್ ಮಾಡುವ ಕೆಲಸ ಲಿವರ್‌ದೇ. ಕಾಫಿ ಬಿಡಬೇಕಿಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ದಿನಕ್ಕೆ ಎರಡು ಲೋಟ ಕುಡಿಯಿರಿ, ಸಕ್ಕರೆ ಮಾತ್ರ ಬಿಡಿ.