ಹಿಮ ಗೋರೋದು ಯಾರ ಕೆಲ್ಸ?

ಪ್ರಶ್ನೆ: ಮಗ ಶಿಕಾಗೋದಲ್ಲಿ ಬಾಡಿಗೆ ಮನೇಲಿದ್ದಾನೆ, ಹಿಮ ಬಿದ್ರೆ ಆಫೀಸಿಗೆ ಹೋಗೋ ಮೊದ್ಲು ಫುಟ್‌ಪಾತ್ ಗೋರ್ಬೇಕಂತೆ. ಅದು ಮುನ್ಸಿಪಾಲ್ಟಿ ಕೆಲ್ಸ ಅಲ್ವಾ? (ಒಬ್ಬ ತಾಯಿ, ಶಿರಸಿ)

ಉತ್ತರ: ಅಲ್ಲಮ್ಮ. ರಸ್ತೆ ನಗರದವ್ರು ನೋಡ್ಕೋತಾರೆ, ಮನೆ ಮುಂದಿನ ಫುಟ್‌ಪಾತ್ ಮಾತ್ರ ಅಲ್ಲಿರೋರದ್ದೇ, ಓನರ್ ಆಗ್ಲಿ ಬಾಡಿಗೆಯವ್ರಾಗ್ಲಿ, ಹಗಲು ಬಿದ್ದಿದ್ದು ರಾತ್ರಿ 10ರೊಳಗೆ, ಸಂಜೆ 7ರ ಮೇಲೆ ಬಿದ್ದಿದ್ದು ಮರುದಿನ ಬೆಳಿಗ್ಗೆ 10ರೊಳಗೆ ತೆಗೀಬೇಕು, ಇಲ್ಲಾಂದ್ರೆ ದಂಡ. ದೇವಿಮನೆ ಘಟ್ಟದಲ್ಲಿ ಮರ ಬಿದ್ರೆ ನಾವು ಬಸ್ಸಲ್ಲೇ ಕೂತು ಕಾಯ್ತೀವಿ, ಅಲ್ಲಿ ಆ ಸುಖ ಇಲ್ಲ! ಬಾಡಿಗೆ ಕರಾರಲ್ಲಿ ಇದು ಓನರ್ ಕೆಲ್ಸ ಅಂತಿದ್ಯಾ ನೋಡೋಕೆ ಹೇಳಿ. ಕಾರಿದ್ರೆ ಇನ್ನೊಂದು, ಡಿಸೆಂಬರ್ 1ರಿಂದ ಏಪ್ರಿಲ್ 1ರವರೆಗೆ ಕೆಲವು ಮುಖ್ಯ ರಸ್ತೆಗಳಲ್ಲಿ ಬೆಳಗಿನ ಜಾವ 3ರಿಂದ 7ರವರೆಗೆ ಪಾರ್ಕಿಂಗ್ ಇಲ್ಲ, ಹಿಮ ಬೀಳದಿದ್ರೂ ಗಾಡಿ ಎಳ್ಕೊಂಡು ಹೋಗ್ತಾರೆ. ಜೋರು ಹಿಮದ ದಿನ ರೈಲಲ್ಲೇ ಹೋಗ್ಲಿ.