ಅಮೆರಿಕದ ಸಬರ್ಬ್‌ಗಳ, ಅಂದರೆ ದೊಡ್ಡ ನಗರಗಳ ಹೊರವಲಯದ ಊರುಗಳ, ಸರ್ಕಾರಿ ಶಾಲೆಗಳು ನಿಜಕ್ಕೂ ಅಷ್ಟು ಒಳ್ಳೆಯವಾ?

ಸುಮಾರಾಗಿ ಹೌದು. ಆದರೆ ಆ ಒಳ್ಳೆಯ ಹೆಸರಿನಲ್ಲಿ ಶಾಲೆಗಿಂತ ಊರಿನ ದುಡ್ಡಿನ ಪಾಲೇ ಜಾಸ್ತಿ ಅನ್ನಿಸುತ್ತದೆ.

ಅಲ್ಲಿ ಶಾಲೆಯ ಹಣದ ದೊಡ್ಡ ಭಾಗ ಸ್ಥಳೀಯ ಮನೆ ತೆರಿಗೆಯಿಂದ ಬರುತ್ತದೆ. ಇದರಿಂದ ಬಡ ಊರಿನ ಶಾಲೆಗೆ ಹಣ ಕಮ್ಮಿಯಾದರೂ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1973ರಲ್ಲಿ, ಟೆಕ್ಸಾಸ್‌ನ ರೊಡ್ರಿಗಸ್ ಕೇಸಿನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ನನಗೆ ಅದು ಈಗಲೂ ಅನ್ಯಾಯವೆಂದೇ ಕಾಣುತ್ತದೆ.

ಶಾಲೆಗಳಿಗೆ ರೇಟಿಂಗ್ ಕೊಡುವ ಗ್ರೇಟ್‌ಸ್ಕೂಲ್ಸ್ ಸೈಟಿನಲ್ಲಿ 10ಕ್ಕೆ 9 ಇರುವ ಶಾಲೆ ನೋಡಿ, ಅದರ ಹತ್ತಿರ ಮನೆ ಹುಡುಕುವ ನಮ್ಮವರು ಅಲ್ಲಿ ಬಹಳ. ಆ ರೇಟಿಂಗ್‌ನಲ್ಲಿ ಪರೀಕ್ಷೆಯ ಅಂಕಗಳಿಗೆ ತುಂಬಾ ತೂಕ. ಅಪ್ಪ ಅಮ್ಮ ಇಬ್ಬರೂ ಇಂಜಿನಿಯರ್, ಸಂಜೆ ಟ್ಯೂಷನ್, ಶನಿವಾರ ಗಣಿತದ ಕ್ಲಾಸು. ಅಂಥ ಮಗು ಎಲ್ಲಿ ಓದಿದರೂ ಅಂಕ ತರುತ್ತದೆ, ಅಲ್ವಾ?

ರೇಟಿಂಗ್ ಬಿಟ್ಟು ಶಾಲೆಗೇ ಹೋಗಿ. ಹಿಂದುಳಿದ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳಿ.